ಐದು ಪಾಲು

ಸಿದ್ದಕ್ಕನ ಮನೆಯಲ್ಲಿ ಯಾರೂ ಒಬ್ಬರೇ ಕೂತು ತಿನ್ನುವಂತಿರಲಿಲ್ಲ. ಒಂದು ಬಿಸ್ಕತ್ತಿನ ಪುಡಿಕೆ ಬಂದರೂ ಅದು ಮೊದಲು ಗೋಡೆಯ ಗೂಡಿನಲ್ಲಿದ್ದ ಬಸವಣ್ಣನ ಪಟದ ಮುಂದೆ ಕೂರಬೇಕು. ಆಮೇಲೆ ಅವಳು ಸೆರಗು ಸರಿಮಾಡಿಕೊಂಡು, ನೆಲಕ್ಕೆ ಕೂತು, ಐದು ಪಾಲು ಮಾಡುತ್ತಾಳೆ. ಗಂಡ ಚನಬಸಪ್ಪನಿಗೊಂದು, ಮಗ ಬಸಲಿಂಗನಿಗೊಂದು, ಸೊಸೆ ಭಾಗ್ಯಶ್ರೀಗೊಂದು, ಎರಡೂವರೆ ವರ್ಷದ ಮೊಮ್ಮಗಳು ಭುವನಿಗೊಂದು, ಕಡೆಗೆ ತನಗೊಂದು. ಆ ಹೊತ್ತಿಗೆ ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ಆರು. ಪಾಲುಗಳು ಸಮ; ದೊಡ್ಡವರಿಗೆ ಹೆಚ್ಚಿಲ್ಲ, ಹೆಂಗಸರಿಗೆ ಕಡಿಮೆಯಿಲ್ಲ.

ಈ ಕಟ್ಟಳೆ ಅವಳು ಮಾಡಿದ್ದಲ್ಲ, ಅವಳ ಅತ್ತೆಯದು. ಶಹಾಪುರದ ಕಡೆ ಅವರ ಹಳ್ಳಿಯಲ್ಲಿ ಹಿಂದೆ ಒಂದು ಬರಗಾಲದ ವರ್ಷ ಮನೆಯಲ್ಲಿ ಹನ್ನೊಂದು ಬಾಯಿ, ದಿನಕ್ಕೆ ನಾಲ್ಕು ರೊಟ್ಟಿ ಎಂಬಂತಾಗಿತ್ತು. ಆ ಮುದುಕಿ ನಾಲ್ಕು ರೊಟ್ಟಿಯನ್ನು ಮುರಿದು ಹನ್ನೊಂದು ಮಾಡಿದಳು. ಹನ್ನೊಂದು ಜನವೂ ಉಳಿದರು. ಗಟ್ಟಿಮುಟ್ಟಾದವರು ಮೊದಲು ಉಂಡ ಪಕ್ಕದ ಮನೆಯಲ್ಲಿ ಎರಡು ಎಳೆ ಜೀವ ಹೋದವು. ಹೊಸದಾಗಿ ಮದುವೆಯಾಗಿ ಬಂದಿದ್ದ ಸಿದ್ದಕ್ಕ ಅದನ್ನು ಕಣ್ಣಾರೆ ಕಂಡಿದ್ದಳು. ಕೊರಳಿನ ಲಿಂಗವನ್ನು ನಂಬಿದಷ್ಟೇ ಆ ಪಾಲನ್ನು ನಂಬಿದಳು. ನಾಲ್ಕು ವರ್ಷದ ಹಿಂದೆ ಹಾಸಿಗೆ ಪಾತ್ರೆ ಕಟ್ಟಿಕೊಂಡು ಹೆಬ್ಬಗೋಡಿಗೆ ಬಂದಾಗ ಅದನ್ನೂ ಕಟ್ಟಿಕೊಂಡು ಬಂದಳು.

ಹೆಬ್ಬಗೋಡಿಯಲ್ಲಿ ಅವರಿಗಿದ್ದದ್ದು ನಲ್ಲಪ್ಪನ ವಠಾರದಲ್ಲಿ ಒಂದು ಕೋಣೆ. ತಗಡಿನ ಸೂರು, ಹತ್ತು ಮನೆಗೆ ಒಂದು ನಲ್ಲಿ. ಚನಬಸಪ್ಪ, ಯಾರೋ ಕಟ್ಟಿಸುತ್ತಿದ್ದ ಅಪಾರ್ಟ್‌ಮೆಂಟ್ ಒಂದಕ್ಕೆ ಹಗಲು ಕಾವಲು. ಬಸಲಿಂಗ ಬೊಮ್ಮಸಂದ್ರದ ಒಂದು ಫ್ಯಾಕ್ಟರಿಯಲ್ಲಿ ಕಂಟ್ರಾಕ್ಟಿನ ಮೇಲೆ ಮೂಟೆ ಹೊರುತ್ತಿದ್ದ. ಭಾಗ್ಯಶ್ರೀ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ನೆಲ ಒರೆಸುತ್ತಿದ್ದಳು. ರೇಷನ್ ಕಾರ್ಡು ಊರಿನಲ್ಲೇ ಇತ್ತು. ಅದರ ಅಕ್ಕಿ ಅಲ್ಲಿ ಮೈದುನನ ಮನೆಗೆ. ಇಲ್ಲಿ ಪ್ರತಿಯೊಂದೂ ಅಂಗಡಿಯಿಂದ. ತೊಗರಿಬೇಳೆ ಇನ್ನೂರನ್ನು ಮುಟ್ಟಿದ ವರ್ಷ ಅದು. ತೊಗರಿ ಬೆಳೆಯುವ ಸೀಮೆಯಿಂದ ಬಂದವರು ವಾರಕ್ಕೆ ನೂರು ಗ್ರಾಂ ಬೇಳೆ ತಂದು, ಅದನ್ನು ಕದಡಿ ಕದಡಿ ಏಳು ದಿನ ಸಾರು ಎಂದು ಕರೆಯುತ್ತಿದ್ದರು. ಜೋಳದ ರೊಟ್ಟಿ ಭಾನುವಾರಕ್ಕೆ ಹೋಯಿತು, ಆಮೇಲೆ ಅಮಾವಾಸ್ಯೆಗೆ ಹೋಯಿತು. ಉಳಿದದ್ದು ಅನ್ನ ಮತ್ತು ಹಸಿಮೆಣಸಿನಕಾಯಿ.

ಶ್ರಾವಣದ ಒಂದು ಸಂಜೆ ಬಸಲಿಂಗ ಊಟಕ್ಕೆ ಕೂತವನು ತಟ್ಟೆಯನ್ನು ಎತ್ತಿ ಗೋಡೆಗೆ ಬಡಿದ. ಅಂದು ಹೆಗಲಿನಿಂದ ಒಂದು ಮೂಟೆ ಜಾರಿದ್ದಕ್ಕೆ ಮೇಸ್ತ್ರಿ ಎಲ್ಲರೆದುರು ಅವನ ಕೆನ್ನೆಗೆ ಹೊಡೆದಿದ್ದ. ಅದನ್ನು ಅವನು ಹೇಳಲಿಲ್ಲ. ಸಾರಿನಲ್ಲಿ ತನ್ನ ಮುಖ ಕಾಣುತ್ತದೆ ಎಂದಷ್ಟೇ ಹೇಳಿದ. ಭಾಗ್ಯಶ್ರೀ ಅನ್ನ ಬಳಿಯಲು ಬಗ್ಗಿದಾಗ ಬೆನ್ನಿಗೆ ಒದ್ದ. ಅವಳು ಮುಗ್ಗರಿಸಿ ಬಿದ್ದಳು. ಮಗು ಹೆದರಿ ಅವಳ ಕಾಲು ಹಿಡಿದಾಗ, ಕೈಗೆ ಸಿಕ್ಕಿತೆಂದು ಅವಳು ಮಗುವಿಗೆ ಒಂದು ಬಾರಿಸಿದಳು. ಸಿದ್ದಕ್ಕ ನೆಲದ ಅನ್ನವನ್ನು ಕೂಡಿಸಿ ತೊಳೆದು, ತನ್ನ ಪಾಲನ್ನು ಮಗನ ಮುಂದಿಟ್ಟು, ತೊಳೆದ ಅನ್ನವನ್ನು ತಾನು ಉಂಡಳು.

ಮುನಿಯಕ್ಕ ಆ ಬೀದಿಯ ಅಂಗನವಾಡಿ ಟೀಚರು, ವಠಾರದ ಯಜಮಾನ ನಲ್ಲಪ್ಪನ ಅಕ್ಕ. ಊರು ಊರಾಗಿದ್ದಾಗಿನಿಂದ ಅಲ್ಲೇ ಇದ್ದವಳು. ತಿಂಗಳ ತೂಕದ ದಿನ ಭುವನಿಯನ್ನು ತೊಲೆಗೆ ಕಟ್ಟಿದ ತಕ್ಕಡಿಯ ಜೋಳಿಗೆಗೆ ಹಾಕಿದಳು. ಮುಳ್ಳು ಏಳು ಕೇಜಿ ಇನ್ನೂರರಲ್ಲಿ ನಿಂತಿತು. ತೋಳಿನ ದಪ್ಪ ಅಳೆಯಲು ಸುತ್ತಿದ ಪಟ್ಟಿ ಕೆಂಪು ತೋರಿಸಿತು; ಮಗು ತೀರಾ ಸೊರಗಿದೆ ಎಂದರ್ಥ.

“ಎರಡೂವರೆ ವರ್ಸದ ಮಗು ಇಂಗಿರ್ತದೇನವ್ವ?” ಎಂದಳು. “ಇನ್ನೊಂದು ಜ್ವರ ಬಂದ್ರೆ ತಡಕೊಳಾಕಿಲ್ಲ ಇದು.”

ಕೆಂಪು ಬಂದ ಮಕ್ಕಳಿಗೆಂದು ಬರುವ ಹಿಟ್ಟಿನ ಪೊಟ್ಟಣ ಕೊಟ್ಟಳು. ಹೆಸರು, ಕಡಲೆಬೀಜ, ಬೆಲ್ಲ, ಹಾಲಿನ ಪುಡಿ ಸೇರಿಸಿ ಮಾಡಿದ್ದು. ದಿನಕ್ಕೆ ಮೂರು ಸಲ ಗಂಜಿ ಕಾಯಿಸಿ ಕುಡಿಸಬೇಕು, ಒಂದು ಪೊಟ್ಟಣ ಇಪ್ಪತ್ತೈದು ದಿನ ಬರಬೇಕು ಎಂದಳು. ಮಕ್ಕಳಿಗೆ ಮೊಟ್ಟೆಯೂ ಇತ್ತು. ಸಿದ್ದಕ್ಕ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದಳು. ಮುನಿಯಕ್ಕ ಒತ್ತಾಯ ಮಾಡಲಿಲ್ಲ.

“ಇದಾದ್ರೂ ಮಗೀಗೆ ಮಾತ್ರ ಕಣವ್ವ. ನೀನೂ ತಿನ್ಬೇಡ, ನಿನ್ ಮಗನ್ಗೂ ಕೊಡ್ಬೇಡ.”

ಸಿದ್ದಕ್ಕ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಮನೆಗೆ ತಂದಳು. ಪಟದ ಮುಂದಿಟ್ಟಳು. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಗಂಜಿ ಕಾಯಿಸಿ, ಐದು ಲೋಟಕ್ಕೆ ಸಮನಾಗಿ ಸುರಿದಳು. ಅವಳ ಮನಸ್ಸಿನಲ್ಲಿ ಕಪಟ ಇರಲಿಲ್ಲ. ಹಂಚಿ ಉಂಡದ್ದೇ ಮೈಗೆ ಹತ್ತುತ್ತದೆ ಎಂದು ನಂಬಿದವಳು, ಮೊಮ್ಮಗಳ ಮೈಗೆ ಹತ್ತಲಿ ಎಂದೇ ಹಂಚಿದಳು. ಗಂಡಸರು ಸಿಹಿಯಾಗಿದೆ ಎಂದು ಹೊಗಳಿ ಕುಡಿದರು.

ಪೊಟ್ಟಣ ಐದನೆಯ ದಿನಕ್ಕೆ ಮುಗಿಯಿತು. ಸಿದ್ದಕ್ಕ ಇನ್ನೊಂದು ಕೇಳಿ ತಾ ಎಂದು ಸೊಸೆಯನ್ನು ಕಳಿಸಿದಳು. ಮುನಿಯಕ್ಕ ಭಾಗ್ಯಶ್ರೀಯನ್ನು ಮೇಲಿಂದ ಕೆಳಗೆ ನೋಡಿದಳು.

“ದನಕ್ಕೆ ಆಕ್ಬಿಟ್ಟೇನವ್ವ? ಇಲ್ಲ ಅಂಗ್ಡೀಗೆ ಮಾರ್ಕೊಂಡ್ಯಾ?”

ಭಾಗ್ಯಶ್ರೀ ನಿಜ ಹೇಳಿದಳು. ಮುನಿಯಕ್ಕ ಹಣೆ ಚಚ್ಚಿಕೊಂಡು, ಇನ್ನೊಂದು ಪೊಟ್ಟಣ ಬರುವುದು ಮುಂದಿನ ತಿಂಗಳೇ ಎಂದಳು. ಹಾಗೆಂದವಳು ತನ್ನ ಮನೆಯಿಂದ ಒಂದು ಹಿಡಿ ಕಡಲೆಬೀಜ ತಂದು ಅವಳ ಸೆರಗಿಗೆ ಹಾಕಿದಳು. ಆ ಬೀಜವೂ ಅಂದು ಸಂಜೆ ಪಟದ ಮುಂದೆ ಕೂತು ಐದಾಯಿತು.

“ಅತ್ತಿ, ಮೇಡಂ ಅದನ್ನ ಕೂಸಿಗಷ್ಟ ಕೊಟ್ಟಿದ್ರು,” ಎಂದಳು ಭಾಗ್ಯಶ್ರೀ.

“ಕೂಸು ತಿಂತದ, ನಾಕು ಮಂದಿ ಕೂತು ಅದರ ಬಾಯಿ ನೋಡ್ಬೇಕೇನು?”

“ನೋಡಬ್ಯಾಡ್ರಿ. ಆಕಡಿ ಹೊಳ್ಳಿ ಕೂಡ್ರಿ.”

ಮಾತು ಮುಗಿಯುವ ಮೊದಲೇ ಬಸಲಿಂಗ ಕೂತಲ್ಲಿಂದ ಕೈ ಬೀಸಿದ. ಅವಳ ತುಟಿ ಒಡೆಯಿತು. ತಾಯಿಗೆ ಎದುರು ಮಾತಾಡಿದರೆ ಹಲ್ಲು ಉದುರಿಸುತ್ತೇನೆ ಎಂದ. ಸಿದ್ದಕ್ಕ ಮಗನಿಗೆ ಉಣ್ಣುವ ಹೊತ್ತಿನಲ್ಲಿ ಕೈ ಎತ್ತಬಾರದು ಎಂದು ಗದರಿದಳು. ಉಳಿದ ಹೊತ್ತಿನ ವಿಷಯ ಹೇಳಲಿಲ್ಲ.

ಕಂಪನಿಯ ಕ್ಯಾಂಟೀನಿನಲ್ಲಿ ಬುಧವಾರ ಮತ್ತು ಶುಕ್ರವಾರ ನೆಲ ಒರೆಸುವವರಿಗೂ ಒಂದು ಬೇಯಿಸಿದ ಮೊಟ್ಟೆ ಕೊಡುತ್ತಿದ್ದರು. ಇಷ್ಟು ದಿನ ಭಾಗ್ಯಶ್ರೀ ಅದನ್ನು ಜೊತೆಯವಳ ತಟ್ಟೆಗೆ ಹಾಕುತ್ತಿದ್ದಳು. ಆ ಬುಧವಾರ ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಂಡಳು. ವಠಾರದ ಹಿಂದೆ ನೀರಿನ ತೊಟ್ಟಿಯ ಮರೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಶಿವಶಿವಾ ಎನ್ನುತ್ತ ಸಿಪ್ಪೆ ಬಿಡಿಸಿದಳು. ಅವಳ ಹುಟ್ಟಿದ ಮನೆಯಲ್ಲೂ ಅದನ್ನು ಮುಟ್ಟಿದವರಿರಲಿಲ್ಲ. ಭುವನಿ ಹಳದಿ ಭಾಗವನ್ನು ಕೆನ್ನೆಯೊಳಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ನುಂಗಿತು. ಭಾಗ್ಯಶ್ರೀ ಸೋಪು ಹಚ್ಚಿ ಮೂರು ಸಲ ಕೈ ತೊಳೆದುಕೊಂಡಳು. ಮಗುವಿನ ಬಾಯನ್ನೂ ಒರೆಸಿದಳು.

ಹೀಗೆ ಮೂರು ವಾರ ಆರು ಮೊಟ್ಟೆ. ಮಗು ಗೋಡೆ ಹಿಡಿಯದೆ ಬಾಗಿಲವರೆಗೆ ನಡೆಯತೊಡಗಿತು. ಪಾಲು ಹತ್ತಿತು ನೋಡು ಎಂದು ಸಿದ್ದಕ್ಕ ಸಂತೋಷಪಟ್ಟಳು.

ಮಹಾನವಮಿಯ ಹಿಂದಿನ ಭಾನುವಾರ ಐದೂ ಜನ ಮನೆಯಲ್ಲಿದ್ದರು. ಚನಬಸಪ್ಪ ತಂದಿದ್ದ ಒಂದೇ ಬಾಳೆಹಣ್ಣನ್ನು ಸಿದ್ದಕ್ಕ ಬಿಲ್ಲೆಬಿಲ್ಲೆ ಮಾಡಿ ಐದು ಕಡೆ ಇಟ್ಟಳು. ಭುವನಿ ತನ್ನ ಎರಡು ಬಿಲ್ಲೆಯನ್ನು ಕೈಯಿಂದ ದೂರ ತಳ್ಳಿತು.

“ಬ್ಯಾಡ. ತತ್ತಿ ಕೊಡು.”

ಮೊಟ್ಟೆಯ ಹೆಸರು ಕೇಳಿ ಎಲ್ಲರೂ ಅದರ ಕಡೆ ತಿರುಗಿದರು. ಮಗು ಅವರ ಮುಖಗಳನ್ನು ನೋಡಿ, ಅರ್ಥವಾಗಲಿಲ್ಲವೆಂದು ತಿಳಿದು, ಹಿತ್ತಲ ಕಡೆ ಬೆರಳು ತೋರಿಸಿ ಇನ್ನೊಮ್ಮೆ ಹೇಳಿತು.

ಬಸಲಿಂಗ ಸೊಂಟದ ಬೆಲ್ಟು ಬಿಚ್ಚಿದ. ಮೊದಲ ಏಟು ಹೆಗಲಿಗೆ, ಎರಡನೆಯದು ಮೊಣಕೈಗೆ. ಭಾಗ್ಯಶ್ರೀ ಬಾಗಿಲಿನತ್ತ ಓಡಿದಾಗ ಜಡೆ ಹಿಡಿದು ಎಳೆದ. ಅಂಗಳದ ಉದ್ದಕ್ಕೂ ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಕೆಡವಿದ. ತೊಳಕೋ ಎನ್ನುತ್ತ ಅವಳ ತಲೆಯನ್ನು ನಲ್ಲಿಗೆ ಒತ್ತಿದ. ಕಬ್ಬಿಣದ ಮೂತಿ ಹುಬ್ಬಿನ ಮೇಲೆ ಸೀಳಿತು. ನೀರಿನ ಜೊತೆ ರಕ್ತ ಇಳಿದು ಚರಂಡಿಯ ಕಡೆ ಹೋಯಿತು. ಹತ್ತು ಮನೆಯವರು ಬಾಗಿಲಿಗೆ ಬಂದು ನಿಂತರು. ಬೊಬ್ಬೆ ಕೇಳಿ ಬೀದಿಯವರೂ ಸೇರಿದರು. ಒಬ್ಬರೂ ಅಂಗಳಕ್ಕೆ ಇಳಿಯಲಿಲ್ಲ. ಚನಬಸಪ್ಪ ಕೂತಲ್ಲಿಂದಲೇ ಸಾಕು ಬಿಡು ಎಂದು ಮೂರು ಸಲ ಹೇಳಿದ. ಮಗ ನಿಲ್ಲಿಸಿದ್ದು ಕೈ ಸೋತಾಗ.

ಸಿದ್ದಕ್ಕ ಸೊಸೆಯ ರಟ್ಟೆ ಹಿಡಿದು ಒಳಗೆ ತಂದಳು. ಅರಿಸಿನ ಕಾಯಿಸಿ ಗಾಯಕ್ಕೆ ತುಂಬುತ್ತ ಕೇಳಿದಳು.

“ತತ್ತಿ ತಿನಿಸಿದ್ದು ನೀ ಮತ್ತ ಶಿವ ನೋಡಿಕೋರಿ. ನಾ ಕೇಳೂದು ಬ್ಯಾರೆ. ಈ ಮನ್ಯಾಗ ಇದ್ದು, ತೊಟ್ಟಿ ಹಿಂದ ಕದ್ದು ಒಬ್ಬಾಕಿಗೇ ಯಾಕ ತಿನಿಸ್ದಿ?”

“ನೀವು ಐದು ಪಾಲು ಮಾಡತೀರಿ, ನ್ಯಾಯ ಅದ,” ಎಂದಳು ಭಾಗ್ಯಶ್ರೀ. ಬಾಯಿ ಊದಿ ಮಾತು ನಿಧಾನವಾಗಿ ಬರುತ್ತಿತ್ತು. “ಇವ್ರು ಫ್ಯಾಕ್ಟ್ರ್ಯಾಗ ವಡಾ ತಿಂತಾರ, ಮಾವ ಸೈಟಿನ ಕಡೆ ಚಹಾ ಬನ್ನು ತಿಂತಾರ. ನನಗ ಕ್ಯಾಂಟೀನ್ ಅದ. ಅವ್ಯಾವೂ ಪಟದ ಮುಂದ ಬರಂಗಿಲ್ಲ. ಕೂಸಿಗೆ ನಿಮ್ಮ ಒಂದು ಪಾಲು ಬಿಟ್ರ ಏನೈತ್ರಿ?”

ಸಿದ್ದಕ್ಕ ಅರಿಸಿನದ ಬಟ್ಟಲು ಕೆಳಗಿಟ್ಟಳು. ಅಂದು ಸಂಜೆಯೂ ಐದು ತಟ್ಟೆ ಇಟ್ಟಳು.

ಮೊಟ್ಟೆ ನಿಂತಿತು. ಹತ್ತು ದಿನದಲ್ಲಿ ಮಗುವಿಗೆ ಭೇದಿ ಹತ್ತಿತು. ತಿಂದದ್ದು ನಿಲ್ಲದು; ಹೊಟ್ಟೆ ಉಬ್ಬಿ, ಪಾದಗಳು ಬಾತು, ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತಿತ್ತು. ಕೂದಲು ಬಾಚಣಿಗೆಗೆ ಬರುತ್ತಿತ್ತು. ಅಳುವುದನ್ನೂ ಬಿಟ್ಟಿತು.

ಸುದ್ದಿ ಮುನಿಯಕ್ಕನಿಗೆ ಮುಟ್ಟಿತು. ಅವಳು ಬಂದವಳೇ ಹೊಸ್ತಿಲಲ್ಲಿ ನಿಂತು ಮಗುವಿನ ಪಾದ ಒತ್ತಿ ನೋಡಿದಳು. ನೋಡಿ, ಮನೆಯವರನ್ನೆಲ್ಲ ಒಂದೇ ಸಮನೆ ಬೈದಳು. ಮಗೀನ ಕೊಲ್ತಾ ಇದೀರಿ, ನಾನು ಮೇಲಿನೋರಿಗೆ ಬರ್ದು ಪೊಲೀಸ್ ಕರಸ್ತೀನಿ ಎಂದಳು. ಆ ದಿನ ಕೆಲಸವಿಲ್ಲದೆ ಮಲಗಿದ್ದ ಬಸಲಿಂಗ ಎದ್ದು ಬಂದ. ನಮ್ಮ ಮನ್ಯಾಗ ತತ್ತಿ ಹೊಗಿಸಿದಾಕಿ ನೀನೇ ಎಂದು ಎದೆಗೆ ಕೈಕೊಟ್ಟು ತಳ್ಳಿದ. ಮುನಿಯಕ್ಕ ಹಿಂದಕ್ಕೆ ಹೋಗಿ ಚರಂಡಿಯ ಕಲ್ಲಿನ ಮೇಲೆ ಬಿದ್ದಳು. ಮುಂಗೈ ಮೂಳೆ ಮುರಿದ ಸದ್ದು ಒಳಗಿದ್ದ ಸಿದ್ದಕ್ಕನಿಗೂ ಕೇಳಿಸಿತು.

ಅರ್ಧ ಗಂಟೆಯಲ್ಲಿ ನಲ್ಲಪ್ಪ ಬಂದ. ಕೈಯಲ್ಲಿ ಬೋರ್‌ವೆಲ್ಲಿನ ಪೈಪಿನ ತುಂಡು. ಬಾಡಿಗೆ ಕೇಳಲು ಬಂದಾಗ ನಗುತ್ತ ಮಾತಾಡುವ ಮನುಷ್ಯ. ಅಂದು ಬಂದವನೇ ಪೈಪು ಎತ್ತಿದ. ಬಸಲಿಂಗನ ತೊಡೆಗೆ ಹೊಡೆದ, ಬಿದ್ದ ಮೇಲೆ ಬೆನ್ನಿಗೆ ಹೊಡೆದ. ಅಡ್ಡ ಬಂದ ಚನಬಸಪ್ಪನ ಭುಜಕ್ಕೂ ಒಂದು ಬಿತ್ತು. ಅವನ ಕಾವಲುಗಾರನ ಟೋಪಿ ಹಾರಿ ಚರಂಡಿಗೆ ಬಿತ್ತು. ಸಿದ್ದಕ್ಕ ನಲ್ಲಪ್ಪನ ಕಾಲು ಹಿಡಿದಳು. ಅವನು ಕಾಲು ಕೊಡವಿ, ಕತ್ತಲಾಗುವುದರೊಳಗೆ ಸಾಮಾನು ಬೀದಿಯಲ್ಲಿರಬೇಕು ಎಂದ.

ಅವನನ್ನು ತಡೆದವಳು ಮುನಿಯಕ್ಕ. ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಆಸ್ಪತ್ರೆಗೆ ಹೊರಟವಳು ಆಟೋದಿಂದ ಇಳಿದು ಬಂದಳು.

“ಬೀದಿಗಾಕಿದ್ರೆ ನಾಳೀಕೆ ಆ ಮಗು ಸತ್ತೋಯ್ತದೆ ಕಣೋ ನಲ್ಲಪ್ಪ. ಸರ್ಕಾರಿ ಆಸ್ಪತ್ರೇಲಿ ಇಂತ ಮಕ್ಕಳ್ನ ಇಟ್ಕೊಂಡು ಉಣಿಸ್ತಾರೆ. ಅಲ್ಲಿಗೆ ಸೇರಿಸ್ಲಿ, ಇರ್ಲಿ. ಸೇರಿಸಾಕಿಲ್ಲ ಅಂದ್ರೆ ಆಚೆಗಾಕು.”

ಹಾಗೆ ತೀರ್ಮಾನವಾಯಿತು. ಹದಿನಾಲ್ಕು ದಿನ ಯಾರಾದರೊಬ್ಬರು ಮಗುವಿನ ಜೊತೆ ಇರಬೇಕು. ಭಾಗ್ಯಶ್ರೀ ಹೋದರೆ ಕೆಲಸ ಹೋಗುತ್ತದೆ. ಬಸಲಿಂಗ ಮೂಟೆ ಎತ್ತುವ ಸ್ಥಿತಿಯಲ್ಲಿಲ್ಲ. ಈಗ ಅವಳ ಸಂಬಳ ನಿಂತರೆ ಒಲೆ ಹತ್ತುವುದಿಲ್ಲ. ಸಿದ್ದಕ್ಕ ತಾನು ಹೋಗುತ್ತೇನೆಂದಳು. ಭಾಗ್ಯಶ್ರೀ ಮಗುವಿನ ಬಟ್ಟೆ ಗಂಟು ಕಟ್ಟಿ ಕೈಗೆ ಕೊಡುವಾಗ ಅತ್ತೆಯ ಮುಖ ನೋಡದೆ ಹೇಳಿದಳು.

“ಅಲ್ಲಿ ಪಾಲು ಮಾಡಬ್ಯಾಡ್ರಿ.”

ಆಸ್ಪತ್ರೆಯ ಆ ಕೋಣೆಯಲ್ಲಿ ಎಂಟು ಮಂಚ, ಎಂಟು ಮಕ್ಕಳು. ನರ್ಸ್ ಲಾವಣ್ಯ ಎರಡು ಗಂಟೆಗೊಮ್ಮೆ ಬಟ್ಟಲಿನಲ್ಲಿ ಅಳತೆಯ ಹಾಲು ತಂದು, ಚಮಚದಲ್ಲಿ ನಿಧಾನವಾಗಿ ಕುಡಿಸಲು ಹೇಳಿ ಹೋಗುತ್ತಿದ್ದಳು. ಜೊತೆಗಿದ್ದವರಿಗೆ ಹೊತ್ತಿಗೊಂದು ತಟ್ಟೆ ಊಟ. ಪಕ್ಕದ ಮಂಚದಲ್ಲಿ ಒಡಿಶಾದ ಹೆಂಗಸೊಬ್ಬಳು ಕೈಗೂಸಿನೊಂದಿಗೆ ಇದ್ದಳು. ಗಂಡ ಬಿಟ್ಟುಹೋಗಿದ್ದರಿಂದ ಐದು ವರ್ಷದ ದೊಡ್ಡ ಹುಡುಗಿಯನ್ನೂ ಜೊತೆಗೆ ತಂದಿದ್ದಳು. ಆ ಹುಡುಗಿಯ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಅವಳಿಗೆ ಬಟ್ಟಲಿಲ್ಲ, ತಟ್ಟೆಯಿಲ್ಲ. ಹಾಲು ಬಂದಾಗಲೆಲ್ಲ ಅವಳು ಭುವನಿಯ ಮಂಚದ ಕಂಬಿ ಹಿಡಿದು ನಿಂತು ನೋಡುತ್ತಿದ್ದಳು.

ಮಕ್ಕಳು ನೋಡುತ್ತ ನಿಂತಿರುವಾಗ ಇನ್ನೊಂದು ಮಗುವಿಗೆ ಉಣಿಸಿ ಸಿದ್ದಕ್ಕನಿಗೆ ಗೊತ್ತಿರಲಿಲ್ಲ. ಮೊದಲ ದಿನ ಮುಖ ತಿರುಗಿಸಿದಳು. ಎರಡನೆಯ ದಿನ ಭುವನಿಗೆ ಎರಡು ಚಮಚ, ಆ ಹುಡುಗಿಗೆ ಎರಡು ಚಮಚ ಎಂದು ಹಾಕತೊಡಗಿದಳು. ಹುಡುಗಿ ಹಕ್ಕಿಮರಿಯಂತೆ ಬಾಯಿ ತೆರೆಯುತ್ತಿದ್ದಳು. ಸಿದ್ದಕ್ಕನ ಮನಸ್ಸಿಗೆ ಹಾಯೆನಿಸಿತು.

ನಾಲ್ಕನೆಯ ಬೆಳಿಗ್ಗೆ ತೂಕ ಆರು ಕೇಜಿ ಎಂಟುನೂರಕ್ಕೆ ಇಳಿದಿತ್ತು. ಬಾತದ್ದು ಇಳಿದಾಗ ಸ್ವಲ್ಪ ಕಡಿಮೆಯಾಗುವುದುಂಟು, ಇಷ್ಟಾಗಬಾರದು ಎಂದು ಡಾಕ್ಟರು ಹುಬ್ಬು ಗಂಟಿಕ್ಕಿ ಹೋದರು. ಮಗುವಿನ ಮೈ ತಣ್ಣಗಿತ್ತು, ಕರೆದರೆ ಕಣ್ಣು ತಿರುಗಿಸುತ್ತಿರಲಿಲ್ಲ. ಮುಂದಿನ ಹಾಲಿನ ಹೊತ್ತಿಗೆ ಲಾವಣ್ಯ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಬಂದವಳೇ ಸಿದ್ದಕ್ಕನ ಕೈಯಿಂದ ಚಮಚ ಕಿತ್ತುಕೊಂಡಳು. ಕಿತ್ತ ರಭಸಕ್ಕೆ ಮುದುಕಿಯ ಬಳೆ ಒಡೆದು ಕೈ ಗೀಚಿತು.

“ದಾನ ಮಾಡ್ಬೇಕು ಅನ್ಸಿದ್ರೆ ನಿಮ್ಮ ತಟ್ಟೆಯಿಂದ ಮಾಡಿ ಅಜ್ಜಿ,” ಎಂದಳು. ಅವಳಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು. “ಈ ಮಗು ನಿಮ್ಮ ಹತ್ರ ಹೇಳ್ತಾ, ನನ್ನ ಪಾಲು ಕೊಟ್ಬಿಡಿ ಅಂತ?”

ಸಿದ್ದಕ್ಕ ಗೀಚಿದ ಕೈಯನ್ನೇ ನೋಡುತ್ತ ಕೂತಳು. ಮರುದಿನ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತವಳು ಪೂಜೆಯಿಂದ ಏಳಲು ಎಂದಿಗಿಂತ ತಡ ಮಾಡಿದಳು. ಏನು ಕೇಳಿಕೊಂಡಳೋ ಅವಳಿಗೂ ಶಿವನಿಗೂ ಗೊತ್ತು. ಮಧ್ಯಾಹ್ನ ತನ್ನ ಊಟದ ತಟ್ಟೆ ಬಂದಾಗ ಒಡಿಶಾದ ಹುಡುಗಿಯನ್ನು ಕರೆದು ಎದುರು ಕೂರಿಸಿಕೊಂಡು, ಅನ್ನದ ನಡುವೆ ಬೆರಳಿನಿಂದ ಗೆರೆ ಎಳೆದಳು. ಹುಡುಗಿ ತನ್ನ ಕಡೆಯದನ್ನು ಉಂಡಳು. ಗೆರೆಯಾಚೆಗೂ ಸ್ವಲ್ಪ ಉಂಡಳು. ಹಾಲು ಬಂದಾಗ ಸಿದ್ದಕ್ಕ ಕಂಬಿಗೆ ಬೆನ್ನು ಕೊಟ್ಟು ಕೂತು, ಕೊನೆಯ ಹನಿಯವರೆಗೆ ಮೊಮ್ಮಗಳ ಬಾಯಿಗೇ ಹಾಕಿದಳು. ಅದು ಅವಳಿಗೆ ಸುಲಭವಾಗಿರಲಿಲ್ಲ.

ಭಾಗ್ಯಶ್ರೀ ಕೆಲಸ ಮುಗಿಸಿ ದಿನವೂ ಒಂದು ಗಂಟೆ ಬರುತ್ತಿದ್ದಳು. ಒಂದು ಸಂಜೆ ಅವಳ ಕುತ್ತಿಗೆಯ ಮೇಲೆ ನಾಲ್ಕು ಬೆರಳಿನ ಗುರುತುಗಳು ನೀಲಿಗಟ್ಟಿದ್ದವು. ಸಿದ್ದಕ್ಕ ಕೇಳಿದ್ದಕ್ಕೆ, ಬಸಲಿಂಗನನ್ನು ಫ್ಯಾಕ್ಟರಿಯವರು ವಾಪಸು ತೆಗೆದುಕೊಳ್ಳಲಿಲ್ಲ, ಹಗಲೆಲ್ಲ ಮನೆಯಲ್ಲೇ ಇರುತ್ತಾನೆ ಎಂದಳು.

“ಈಗ ಪಾಲು ಮಾಡಾವ್ರು ಇಲ್ಲತ್ತಿ. ಗಂಡಸ್ರು ಉಂಡು ಗಡಿಗಿ ನನ್ನ ಕಡಿ ಸರಸ್ತಾರ. ನೀವಿದ್ದಾಗ ನನಗೊಂದು ಪಾಲರೆ ಇತ್ತು.”

ಅತ್ತೆ ಸೊಸೆ ಮಂಚದ ಆಚೆ ಈಚೆ ಕೂತು ಮಗುವಿನ ಪಾದ ನೋಡಿದರು. ಬಾವು ಇಳಿದಿತ್ತು. ಒಂಬತ್ತನೆಯ ದಿನ ಭುವನಿ ಚಮಚ ಕಚ್ಚಿ ಹಿಡಿದು ಬಿಡಲಿಲ್ಲ. ಹನ್ನೆರಡನೆಯ ದಿನ ಅಜ್ಜಿಯ ಬೆರಳನ್ನೇ ಕಚ್ಚಿತು. ಮನೆಗೆ ಕಳಿಸುವ ಹೊತ್ತಿಗೆ ಏಳು ಕೇಜಿ ಒಂಬೈನೂರು. ಮೂರು ತಿಂಗಳು ಹೀಗೇ ಉಣ್ಣದಿದ್ದರೆ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ, ಆಗ ಹೇಳಲಾಗದು ಎಂದು ಡಾಕ್ಟರು ಎರಡು ಪೊಟ್ಟಣ ಹಿಟ್ಟು ಕೊಟ್ಟು ಕಳಿಸಿದರು. ಮೊಟ್ಟೆಯ ಮಾತನ್ನೂ ಆಡಿದರು. ಸಿದ್ದಕ್ಕ ಅದಕ್ಕೆ ಕಿವಿಗೊಡಲಿಲ್ಲ, ಕಿವಿ ಮುಚ್ಚಿಕೊಳ್ಳಲೂ ಇಲ್ಲ. ಬಸ್ಸಿನಲ್ಲಿ ಬರುವಾಗ, ನನ್ನ ಒಲಿ ಮ್ಯಾಲ ಬ್ಯಾಡ, ನನಗ ಹೇಳಲೂ ಬ್ಯಾಡ, ಮುನಿಯಕ್ಕನ ಶಾಲ್ಯಾಗ ಏನು ಕೊಡತಾರೋ ಕೊಡಲಿ ಎಂದಷ್ಟೇ, ಅಂದು ರಜೆ ಹಾಕಿ ಕರೆದೊಯ್ಯಲು ಬಂದಿದ್ದ ಸೊಸೆಗೆ ಹೇಳಿದಳು.

ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಚನಬಸಪ್ಪ ಮೊಮ್ಮಗಳನ್ನು ಎತ್ತಿಕೊಂಡು ಅಂಗಳದಲ್ಲಿ ಎರಡು ಸುತ್ತು ತಿರುಗಿದ. ಬಸಲಿಂಗ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಸೆರೆಯ ವಾಸನೆ ಬರುತ್ತಿತ್ತು. ಸಿದ್ದಕ್ಕ ಕೈಕಾಲು ತೊಳೆದು ಒಲೆ ಹೊತ್ತಿಸಿದಳು. ಅನ್ನಕ್ಕಿಟ್ಟಳು. ಆಮೇಲೆ ಚಿಕ್ಕ ತಂಬಿಗೆಯಲ್ಲಿ ಹಿಟ್ಟು ಕದಡಿ, ಸವುಟಿನಿಂದ ತಿರುವುತ್ತ, ಗಟ್ಟಿಯಾಗಿ ಗಂಜಿ ಕಾಯಿಸಿದಳು. ಬೆಲ್ಲ ಕಡಲೆಬೀಜದ ಪರಿಮಳ ಕೋಣೆ ತುಂಬಿತು. ಮೂವರೂ ರೂಢಿಯಂತೆ ಲೋಟ ಹುಡುಕಿಕೊಂಡು ಸುತ್ತ ಕೂತರು. ಸಿದ್ದಕ್ಕ ತಂಬಿಗೆಯನ್ನು ಪಟದ ಮುಂದೆ ಇಡಲಿಲ್ಲ. ಒಂದು ಬಟ್ಟಲಿಗೆ ಸುರಿದು ಮಗುವನ್ನು ತೊಡೆಗೆ ಎಳೆದುಕೊಂಡಳು.

“ನಮಗ?” ಎಂದ ಬಸಲಿಂಗ.

“ಅನ್ನ ಆಗ್ಲಿಕ್ಕತ್ತದ.”

“ನನ್ನ ಪಾಲು ಎಲ್ಲಿ ಅಂತ ಕೇಳಿದೆ.”

“ಇದರಾಗ ಇಲ್ಲ.”

ಅವನು ಗಟ್ಟಿಯಾಗಿ ನಕ್ಕ. ಇಷ್ಟು ವರ್ಷ ಸಣ್ಣವರು ದೊಡ್ಡವರು ಒಂದೇ ಎಂದವಳು ಈಗ ಆಸ್ಪತ್ರೆಯಿಂದ ಹೊಸ ದೇವರು ತಂದಿದ್ದಾಳೆ ಎಂದ. ಹೆಂಡತಿ ಕಲಿಸಿಕೊಟ್ಟಿದ್ದಾಳೆ ಎಂದ. ತಾನು ಬೆಳಿಗ್ಗೆಯಿಂದ ಏನೂ ಉಂಡಿಲ್ಲ ಎಂದ. ಅದು ನಿಜವೇ ಇತ್ತು. ಮುಂದಕ್ಕೆ ಬಾಗಿ ಬಟ್ಟಲಿಗೆ ಕೈ ಹಾಕಿದ.

ಸಿದ್ದಕ್ಕ ಸವುಟಿನಿಂದ ಅವನ ಮಣಿಕಟ್ಟಿಗೆ ಹೊಡೆದಳು. ಹುಟ್ಟಿದಾಗಿನಿಂದ ಅವಳು ಅವನನ್ನು ಹೊಡೆದದ್ದಿಲ್ಲ. ಅವನಿಗೆ ನೋವಿಗಿಂತ ಮೊದಲು ಬೆರಗಾಯಿತು. ಮತ್ತೆ ಕೈ ಹಾಕಿದ. ಬಿಸಿ ಸವುಟು ಈ ಸಲ ಕಿವಿಯ ಪಕ್ಕ ಬಿತ್ತು, ಚರ್ಮ ಸುಲಿದು ರಕ್ತ ಬಂತು. ಅವನು ಎದ್ದು ತಾಯಿಯ ಭುಜ ಹಿಡಿದೆತ್ತಿ ಗೋಡೆಗೆ ನೂಕಿದ; ಮಗು ಅವಳ ತೊಡೆಯಿಂದ ಜಾರಿ ನೆಲಕ್ಕೆ ಇಳಿಯಿತು. ಅವಳ ತಲೆ ಗೂಡಿನ ಕಲ್ಲಿಗೆ ಬಡಿಯಿತು. ಬಸವಣ್ಣನ ಪಟ ಕೆಳಗೆ ಬಿದ್ದು ಗಾಜು ಚೂರಾಯಿತು. ಸಿದ್ದಕ್ಕ ಜಾರಿ ಕೂತಳು, ಬೆಳ್ಳಗಿದ್ದ ಕೂದಲೊಳಗಿಂದ ಕೆಂಪು ಇಳಿಯಿತು. ಎಡಗೈಯ ಬಟ್ಟಲು ಮಾತ್ರ ಓರೆಯಾಗಲಿಲ್ಲ.

ಬಸಲಿಂಗ ಒದೆಯಲು ಕಾಲೆತ್ತುವುದರೊಳಗೆ ಭಾಗ್ಯಶ್ರೀ ರೊಟ್ಟಿ ಬಡಿಯುವ ಮರದ ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮೊಣಕಾಲಿಗೆ ಇಳಿಸಿದಳು. ನಲ್ಲಪ್ಪನ ಪೈಪು ಬಿದ್ದಿದ್ದ ಕಾಲು ಅದು. ಅವನು ಕೂಗಿಕೊಂಡು ಕುಸಿದ. ಅವಳು ಹಲಗೆಯನ್ನು ಮತ್ತೆ ಎತ್ತಿ ತಲೆಯ ಮೇಲೆ ಹಿಡಿದುಕೊಂಡಳು. ಅವಳ ಕಣ್ಣು ನೋಡಿ ಚನಬಸಪ್ಪ ಕೂತಲ್ಲಿಂದ ಎದ್ದ. ಸೊಸೆಯನ್ನು ತಡೆಯಲೋ ಮಗನನ್ನು ಹಿಡಿಯಲೋ ಎಂದು ಒಂದು ಗಳಿಗೆ ನಿಂತ. ಆಮೇಲೆ ಮಗನ ಎರಡೂ ಕೈಗಳನ್ನು ಹಿಂದಿನಿಂದ ಅಪ್ಪಿ ಹಿಡಿದ. ಮುದುಕನ ಹಿಡಿತ ಅಷ್ಟೇನೂ ಬಲವಾಗಿರಲಿಲ್ಲ. ಆದರೂ ಬಸಲಿಂಗ ಬಿಡಿಸಿಕೊಳ್ಳಲಿಲ್ಲ.

“ಹೊಡಿಬ್ಯಾಡ,” ಎಂದಳು ಸಿದ್ದಕ್ಕ ಸೊಸೆಗೆ. “ಕೂಸು ಉಣ್ಣಾಕತ್ತದ.”

ಮಗುವನ್ನು ಹತ್ತಿರಕ್ಕೆ ಎಳೆದು, ಬಟ್ಟಲನ್ನು ತೊಡೆಯ ಮೇಲಿಟ್ಟು, ಸೆರಗಿನಿಂದ ತನ್ನ ತಲೆಯನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಗಂಜಿ ಉಣಿಸತೊಡಗಿದಳು. ಭುವನಿ ಅಳುತ್ತಲೇ ಬಾಯಿ ತೆರೆಯಿತು. ಎರಡು ತುತ್ತಿಗೆ ಅಳು ನಿಂತಿತು. ಕೋಣೆಯಲ್ಲಿ ಅದು ನುಂಗುವ ಸದ್ದು, ಬಸಲಿಂಗನ ಏದುಸಿರು. ಅಂಗಳದಲ್ಲಿ ಜನ ಸೇರಿದ್ದರು. ಈ ಸಲವೂ ಒಳಗೆ ಯಾರೂ ಬರಲಿಲ್ಲ. ಬಟ್ಟಲು ಬರಿದಾಯಿತು. ಮಗು ಅದರ ಅಂಚು ಹಿಡಿದು ಒಳಗೆ ಇಣುಕಿತು.

“ಇನ್ನ ಬೇಕು,” ಎಂದಿತು.

ಆ ಮನೆಯಲ್ಲಿ ಪಾಲಿನ ಮೇಲೆ ಇನ್ನಷ್ಟು ಕೇಳಿದವರು ಅಲ್ಲಿಯವರೆಗೆ ಇರಲಿಲ್ಲ. ನಾಲ್ವರೂ ಮಗುವನ್ನು ನೋಡಿದರು. ಸಿದ್ದಕ್ಕ ತಂಬಿಗೆಯನ್ನು ಸೊಸೆಯ ಕಡೆ ನೂಕಿದಳು. ನೀರಿನ ಕೊಡ ಬಾಗಿಲ ಹತ್ತಿರ ಇತ್ತು. ನಡುವೆ ಬಸಲಿಂಗನ ಕಾಲು ಉದ್ದಕ್ಕೂ ಚಾಚಿಕೊಂಡಿತ್ತು. ಭಾಗ್ಯಶ್ರೀ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ತಂಬಿಗೆ ಹಿಡಿದು, ಅವನ ಮುಂದೆ ಬಂದು ನಿಂತಳು.

“ಕಾಲು ತಗಿ,” ಎಂದಳು.

ಅವನು ಅವಳನ್ನು ನೋಡಿದ. ತಾಯಿಯ ಸೆರಗಿನ ಕೆಂಪನ್ನು ನೋಡಿದ. ಎರಡೂ ಕೈಯಲ್ಲಿ ಆ ಕಾಲನ್ನು ಎತ್ತಿ, ಒಳಕ್ಕೆ ಮಡಚಿಕೊಂಡ.